ಎಂಟನೆಯ ಗೆರೆ

ಆ ದಿನ ಪೆನ್ನು ಜೇಬಿನಲ್ಲಿತ್ತೇ, ಇರಲಿಲ್ಲವೇ? ಇಲ್ಲವೆಂದೇ ಅವನು ಹೇಳಿದ್ದ. ಹೇಳಿದ್ದು ನೆನಪಿದೆ, ಹೇಳುವಾಗ ಬಲಗೈ ತಾನಾಗಿ ಎದೆಯ ಮೇಲೆ ಹೋಗಿ ಜೇಬನ್ನು ಮುಚ್ಚಿಕೊಂಡದ್ದೂ ನೆನಪಿದೆ. ಅಂಗೈಯ ಕೆಳಗೆ ಗಟ್ಟಿಯಾದದ್ದೇನಾದರೂ ತಾಕಿತ್ತೇ ಎಂಬುದು ಮಾತ್ರ, ಬಾಯಿತುಂಬ ನೊರೆ ತುಂಬಿಕೊಂಡು ಕನ್ನಡಿಯ ಮುಂದೆ ನಿಂತಿದ್ದ ಅವನಿಗೆ ಎಷ್ಟು ಹಿಂದಕ್ಕೆ ಹೋದರೂ ಸಿಗಲಿಲ್ಲ. ಸಿಗದೇ ಇರುವುದರಲ್ಲಿ ಒಂದು ಸುಖವಿತ್ತು. ನೆನಪಿಲ್ಲದ್ದಕ್ಕೆ ಯಾರು ಯಾರನ್ನು ಕೇಳಬೇಕು? ನಲ್ಲಿಯಿಂದ ಹನಿಯೊಂದು ಬಿತ್ತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಹತ್ತೂವರೆಗೆ ಸಭೆ. ಅಷ್ಟರೊಳಗೆ ಪೆನ್ನು ಇರಲಿಲ್ಲವೆಂದು ತನಗೇ ನಂಬಿಕೆ ಬಂದರೆ ಮುಂದಿನದು ಸುಲಭ ಎಂದುಕೊಂಡ. ಹಾಗೆಂದುಕೊಂಡದ್ದಕ್ಕೆ ನಾಚಿಕೆಯಾಗಿ ಬಾಯಿ ಮುಕ್ಕಳಿಸಿ ಉಗಿದ.

ಅಡುಗೆಮನೆಯಿಂದ ಹೆಂಡತಿ ಏನೋ ಕೇಳಿದಳು. ಅವನು ಹೂಂ ಎಂದ. ಅವಳು ಮತ್ತೆ ಕೇಳಿದಳು, ಮತ್ತೆ ಹೂಂ ಎಂದ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. “ನಿಮ್ಮ ಹತ್ರ ಮಾತಾಡೋದೂ ಒಂದೇ, ಬಾವಿಗೆ ಕಲ್ಲು ಹಾಕೋದೂ ಒಂದೇ. ಸದ್ದು ಬರೋವಷ್ಟರಲ್ಲಿ ನನ್ನ ಅಡುಗೆ ಮುಗಿದಿರತ್ತೆ,” ಎಂದಳು. ಅವನು ನಕ್ಕ. ಅವಳು ಕೇಳಿದ್ದು ತಂಗಿಗೆ ಫೋನ್ ಮಾಡಿದಿರಾ ಎಂದು. ತಂಗಿಯ ಮಗಳಿಗೆ ಹುಷಾರಿಲ್ಲದೆ ನಾಲ್ಕು ದಿನವಾಗಿತ್ತು. ಅದು ಅವನಿಗೆ ಗೊತ್ತಾದದ್ದೂ ಹೆಂಡತಿಯಿಂದಲೇ. ತಂಗಿಯ ಮನೆಯ ಸುದ್ದಿಗಳೆಲ್ಲ ಈಗ ಮೊದಲು ಹೆಂಡತಿಗೆ ಬರುತ್ತವೆ, ಆಮೇಲೆ ಅವನಿಗೆ. ತಂಗಿ ಬೇಕೆಂದೇ ಹಾಗೆ ಮಾಡುತ್ತಾಳೆ ಎಂಬುದು ಮೂವರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಸಂಜೆ ಮಾಡುತ್ತೇನೆ ಎಂದು ಅವನು ಅಂಗಿ ತೊಟ್ಟ. ಹಾಸಿಗೆಯ ಪಕ್ಕದ ಮೇಜಿನ ಮೇಲಿದ್ದ ಪೆನ್ನನ್ನು ತೆಗೆದುಕೊಂಡು ಜೇಬಿಗೆ ಸಿಕ್ಕಿಸಿದ. ಸಿಕ್ಕಿಸಿದ ಮೇಲೆ ಗಮನಕ್ಕೆ ಬಂತು: ಹೀಗೆ ಗಮನವಿಲ್ಲದೆ ಕೈ ಪ್ರತಿದಿನ ಇದೇ ಕೆಲಸ ಮಾಡುತ್ತಿದೆ, ಎಷ್ಟೋ ವರ್ಷಗಳಿಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೊರಗೆ ಒಂದೇ ಬಣ್ಣದ ಗೋಡೆಗಳು, ಒಂದೇ ಎತ್ತರದ ಕಂಬಗಳು ಹಿಂದೆ ಸರಿದವು. ಅವನು ಕೆಲಸ ಮಾಡುವ ಕಡೆ ಯಂತ್ರಗಳ ಅದುರನ್ನು ಅಳೆಯುವ ಪೆಟ್ಟಿಗೆಗಳನ್ನು ತಯಾರಿಸುತ್ತಾರೆ. ದೊಡ್ಡ ಮೋಟಾರೊಂದರ ಮೈಮೇಲೆ ಅಲ್ಲಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಬಿಲ್ಲೆಗಳನ್ನು ಅಂಟಿಸಿದರೆ ಅದು ಎಲ್ಲಿ ಎಷ್ಟು ನಡುಗುತ್ತದೆಂದು ಪೆಟ್ಟಿಗೆ ಹೇಳುತ್ತದೆ. ಒಳಗಿನ ಬೋರ್ಡಿನಲ್ಲಿ ಒಂದೊಂದು ಬಿಲ್ಲೆಗೂ ಒಂದೊಂದು ಚಿಪ್. ಎಲ್ಲ ಚಿಪ್ಪುಗಳೂ ಒಂದೇ ಕ್ಷಣದಲ್ಲಿ ಅಳೆಯಬೇಕು, ಇಲ್ಲವಾದರೆ ಅಳತೆಗೆ ಅರ್ಥವಿಲ್ಲ. ಅದಕ್ಕಾಗಿ ಒಂದು ಹರಳಿನಿಂದ ಮಿಡಿತ ಹೊರಡುತ್ತದೆ, ಸೆಕೆಂಡಿಗೆ ಐದು ಕೋಟಿ ಸಲ. ಅದನ್ನು ಕ್ಲಾಕ್ ಎನ್ನುತ್ತಾರೆ. ನಡುವೆ ಕೂತ ಒಂದು ಹಂಚುವ ಚಿಪ್ ಆ ಮಿಡಿತವನ್ನು ತೆಗೆದುಕೊಂಡು ಎಂಟು ತಾಮ್ರದ ಗೆರೆಗಳ ಮೇಲೆ ಎಂಟು ದಿಕ್ಕಿಗೆ ಕಳಿಸುತ್ತದೆ. ಎಂಟು ಗೆರೆಗಳೂ ಒಂದೇ ಉದ್ದ ಇರಬೇಕು. ಹತ್ತಿರದ ಚಿಪ್ಪಿಗೆ ಹೋಗುವ ಗೆರೆಯನ್ನು ಹಾವಿನಂತೆ ಸುತ್ತಿಸಿ ಸುತ್ತಿಸಿ ದೂರದ ಚಿಪ್ಪಿನ ಗೆರೆಯಷ್ಟೇ ಉದ್ದ ಮಾಡುತ್ತಾರೆ. “ಹತ್ರ ಇರೋನನ್ನ ಸುಮ್ನೆ ಸುತ್ತಾಡಿಸ್ಬೇಕು ಸಾರ್, ದೂರ ಇರೋನು ಬಂದು ಮುಟ್ಟೋ ತನಕ,” ಎಂದು ಗೆರೆ ಮೇಸ್ತ್ರಿ ಹೇಳುತ್ತಿದ್ದರು. ನಕ್ಷೆ ಮಾಡುವುದು ಅವನ ಕೆಲಸ, ಅದರಂತೆ ಬೋರ್ಡಿನ ಮೇಲೆ ಗೆರೆಗಳನ್ನು ಎಳೆಯುವುದು ಅವರ ಕೆಲಸ, ಇಪ್ಪತ್ತಾರು ವರ್ಷಗಳಿಂದ. ಕಂಪ್ಯೂಟರ್ ಬರುವ ಮೊದಲು ಪಾರದರ್ಶಕ ಹಾಳೆಯ ಮೇಲೆ ಕಪ್ಪು ಟೇಪು ಅಂಟಿಸಿ ಗೆರೆ ಎಳೆದವರು. ಈಗಲೂ ಮುಗಿದ ಬೋರ್ಡನ್ನು ದೊಡ್ಡ ಕಾಗದದ ಮೇಲೆ ತೆಗೆಸಿ, ಒಂದೊಂದು ಗೆರೆಯ ಮೇಲೂ ಪೆನ್ಸಿಲ್ ಆಡಿಸಿಯೇ ಒಪ್ಪಿಸುವರು. ತಮಗೆ ಸರಿಕಾಣದ ಕಡೆ ಕೆಂಪು ಪೆನ್ಸಿಲಿನಲ್ಲಿ ಸುತ್ತುಹಾಕಿ, ಪಕ್ಕದಲ್ಲಿ ಸಣ್ಣ ಚೌಕ ಬರೆದು, ನಕ್ಷೆ ಮಾಡಿದವರಿಂದ ಅದರೊಳಗೆ ಸಹಿ ಹಾಕಿಸಿಕೊಳ್ಳುವರು. ಆಕ್ಷೇಪ ನನ್ನದು, ತೀರ್ಮಾನ ನಿಮ್ಮದು ಎಂದು ಅದರ ಅರ್ಥ. ಯಾವ ನಿಯಮದಲ್ಲೂ ಇಲ್ಲದ ಪದ್ಧತಿ. ಮೇಸ್ತ್ರಿಯ ಹಾಳೆಗಳ ಮೇಲೆ ಅಂಥ ಚೌಕಗಳು ಹೆಚ್ಚಿರುತ್ತಿರಲಿಲ್ಲ, ಇದ್ದಷ್ಟರಲ್ಲಿ ಖಾಲಿ ಚೌಕ ಒಂದೂ ಇರುತ್ತಿರಲಿಲ್ಲ.

ಇವತ್ತಿನ ಸಭೆಗೆ ಕಾರಣವಾದ ಬೋರ್ಡಿನಲ್ಲಿ ಮೊದಲು ಇದ್ದದ್ದು ಏಳು ಚಿಪ್ಪು. ಏಳು ಗೆರೆ ಏಳಕ್ಕೆ. ಉಳಿದ ಎಂಟನೆಯ ಗೆರೆಯನ್ನು ಅವನು ಬೋರ್ಡಿನ ಅಂಚಿನ ಒಂದು ಪಿನ್ನಿಗೆ ಕೊಟ್ಟುಕೊಂಡಿದ್ದ, ಪರೀಕ್ಷೆಗೆ ಅನುಕೂಲ ಎಂದು. ನಿಜ ಹೇಳಬೇಕೆಂದರೆ ಅದು ಅವನ ಕಣ್ಣಿನ ಆಸೆ. ಮಿಡಿತವನ್ನು ಕಣ್ಣಿಗೆ ಕಾಣಿಸುವ ಯಂತ್ರವಾದ ಸ್ಕೋಪಿನ ಮುಳ್ಳನ್ನು ಆ ಪಿನ್ನಿಗೆ ತಾಗಿಸಿದರೆ ಪರದೆಯ ಮೇಲೆ ಹಳದಿ ಗೆರೆಯೊಂದು ಏರಿ, ಸ್ವಲ್ಪ ನಿಂತು, ಇಳಿಯುತ್ತಿತ್ತು. ಒಂದರಂತೆಯೇ ಇನ್ನೊಂದು, ಚೂರೂ ಹೆಚ್ಚುಕಮ್ಮಿಯಿಲ್ಲ. ಮಾತಾಡಲು ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ ಅವನು ಅದನ್ನು ನೋಡುತ್ತ ಕೂರುವನು. ಇಡೀ ಬೋರ್ಡಿನಲ್ಲಿ ತನಗೆಂದು ಇಟ್ಟುಕೊಂಡಿದ್ದ ಒಂದೇ ಜಾಗ ಅದು. ಎಲ್ಲ ಮುಗಿಯಿತೆನ್ನುವಾಗ ಕೊಳ್ಳುವವರು ಎಂಟನೆಯ ಬಿಲ್ಲೆ ಬೇಕೆಂದರು. ಎಂಟನೆಯ ಚಿಪ್ ಸೇರಿಸಿದ್ದಾಯಿತು. ಅದಕ್ಕೆ ಮಿಡಿತ ಎಲ್ಲಿಂದ? ಪಿನ್ನಿನ ಗೆರೆಯನ್ನು ಬಿಟ್ಟುಕೊಟ್ಟಿದ್ದರೆ ಮುಗಿದಿತ್ತು. ನಕ್ಷೆಯಲ್ಲಿ ಅವನು ಎಂಟನೆಯ ಚಿಪ್ಪಿನ ಕಾಲಿನ ಹತ್ತಿರ ‘ಕ್ಲಾಕ್’ ಎಂದಷ್ಟೇ ಬರೆದ, ಯಾವ ಗೆರೆಯಿಂದ ಎಂದು ಬರೆಯಲಿಲ್ಲ. ಮೇಸ್ತ್ರಿಗೆ ಬಾಯಲ್ಲಿ ಹೇಳಿದ: ಏಳನೆಯ ಗೆರೆಯಿಂದಲೇ ಒಂದು ಕವಲು ಒಡೆದು ಕೊಟ್ಟುಬಿಡಿ ಎಂದು. ಮರುದಿನ ಮೇಸ್ತ್ರಿ ಮಡಿಸಿದ ಹಾಳೆಯನ್ನು ಹಿಡಿದುಕೊಂಡು ಮೆಟ್ಟಿಲ ಹತ್ತಿರ ಅವನನ್ನು ನಿಲ್ಲಿಸಿದರು. ಹಾಳೆಯನ್ನು ಗೋಡೆಗೆ ಒತ್ತಿ, ಕೆಂಪು ಸುತ್ತನ್ನು ಬೆರಳಿನಿಂದ ಮುಟ್ಟಿ, ಕವಲು ಒಡೆದರೆ ಮಿಡಿತ ಅಲ್ಲಿ ಎಡವುತ್ತದೆ, ಸ್ವಲ್ಪ ಭಾಗ ಹಿಂದಕ್ಕೆ ಹೊರಳಿ ಬರುತ್ತದೆ, ಏಳನೆಯವನು ಒಂದನ್ನು ಎರಡೆಂದು ಎಣಿಸಿದರೆ ಕಷ್ಟ ಎಂದರು. ಅಂಚಿನ ಪಿನ್ನು ಬೇಕೇಬೇಕಾ ಎಂದೂ ಕೇಳಿದರು. ಬೇಕು ಎಂದು ಅವನು ಸ್ವಲ್ಪ ಗಡುಸಾಗಿಯೇ ಹೇಳಿದ. ಹಾಗಾದರೆ ಇಲ್ಲೊಂದು ಸಹಿ ಎಂದರು ಮೇಸ್ತ್ರಿ. ಆಗಲೇ ಅವನ ಕೈ ಎದೆಯ ಮೇಲೆ ಹೋದದ್ದು. ಪೆನ್ನಿಲ್ಲ ಮೇಸ್ತ್ರಿ, ಆಮೇಲೆ ಹಾಕುತ್ತೇನೆ. ಮೇಸ್ತ್ರಿ ತಮ್ಮ ಕಿವಿಯ ಮೇಲಿದ್ದ ಕೆಂಪು ಪೆನ್ಸಿಲನ್ನು ಕೊಡಲಿಲ್ಲ. ಕೊಡಬಹುದಿತ್ತು. ಸಹಿಯನ್ನು ಪೆನ್ನಿನಲ್ಲೇ ಹಾಕಬೇಕೆಂದು ಅವರಿಗಿತ್ತೋ, ಅಥವಾ ಆ ಒಂದು ಕ್ಷಣದಲ್ಲೇ ಅವರಿಗೆ ಎಲ್ಲ ತಿಳಿದುಹೋಯಿತೋ. ಹಾಳೆಯನ್ನು ಅದೇ ಮಡಿಕೆಯಲ್ಲಿ ಮಡಿಸಿಕೊಂಡು ಇಳಿದುಹೋದರು.

ಬಸ್ಸು ನಿಂತಿತು. ಪಕ್ಕದವನು ಏಳಲು ಜಾಗ ಕೇಳುತ್ತಿದ್ದ, ಆಗಲೇ ಎರಡು ಸಲ ಕೇಳಿದ್ದನಂತೆ.

ಸಭೆಯ ಕೋಣೆಯಲ್ಲಿ ಉದ್ದ ಮೇಜು, ಅದರ ತುದಿಯಲ್ಲಿ ಮುಖ್ಯಸ್ಥೆ. ಆಕೆ ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಅದಕ್ಕೇ ಎಲ್ಲರೂ ಆಕೆಗೆ ಹೆದರುತ್ತಾರೆ. ಕೊಂಡವರಿಂದ ಹಿಂದಕ್ಕೆ ಬಂದ ಹನ್ನೆರಡು ಬೋರ್ಡುಗಳು ಮೇಜಿನ ಮೇಲೆ ಸಾಲಾಗಿದ್ದವು. ಕಾರ್ಖಾನೆಯ ಬಿಸಿಯಲ್ಲಿ ಎರಡು ಮೂರು ಗಂಟೆ ನಡೆದ ಮೇಲೆ ಏಳನೆಯ ಚಿಪ್ ಉಳಿದವುಗಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿಬಿಡುತ್ತಿತ್ತು. ಅದು ತಾನು ಮುಂದಿದ್ದೇನೆಂದು ತಿಳಿಯದೆ ಅಳೆಯುತ್ತಲೇ ಇರುತ್ತಿತ್ತು. ಒಂದು ಕಡೆ ಅದರ ಮಾತು ನಂಬಿ, ಏನೂ ಆಗಿರದ ಮೋಟಾರೊಂದನ್ನು ಇಡೀ ಬಿಚ್ಚಿ ಹಾಕಿದ್ದರು. ಮುಂದಿನ ಬೋರ್ಡಿನಲ್ಲಿ ಮೂವತ್ತೆರಡು ಚಿಪ್ಪು. ಅದರ ಗೆರೆಗಳನ್ನು ಮೇಸ್ತ್ರಿ ಎಳೆಯಬೇಕೋ, ಹೊರಗಿನವರಿಗೆ ಕೊಡಬೇಕೋ ಎಂಬುದು ಈ ಸಭೆಯಲ್ಲಿ ತೀರ್ಮಾನವಾಗುತ್ತದೆಂದು ವಾರದಿಂದ ಎಲ್ಲರಿಗೂ ಗೊತ್ತಿತ್ತು. ಹೊರಗೆ ಹೋದರೆ ಮೇಸ್ತ್ರಿಗೆ ಇಲ್ಲಿ ಗೆರೆಯ ಕೆಲಸ ಇರುವುದಿಲ್ಲ. ಉಗ್ರಾಣದಲ್ಲಿ ಬಿಡಿಭಾಗಗಳ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸವೊಂದು ಖಾಲಿಯಿತ್ತು. ಆ ಮೂವತ್ತೆರಡರ ಬೋರ್ಡಿನ ಹೊಣೆ ಯಾರಿಗೆ ಎಂಬುದೂ ಹೆಚ್ಚುಕಡಿಮೆ ತೀರ್ಮಾನವಾಗಿತ್ತು: ಅವನಿಗೆ.

ಮುಖ್ಯಸ್ಥೆ ಮೇಸ್ತ್ರಿಯ ಹಾಳೆಯನ್ನು ಬಿಚ್ಚಿ ಹರವಿದಳು. ಮಡಿಕೆಗಳು ಸವೆದು ಬಿಳಿಯಾಗಿದ್ದವು.

“ಈ ಕೆಂಪು ಸುತ್ತು ನಿಮ್ದೇ ಅಲ್ವಾ?”

“ಹೌದು ಮೇಡಂ,” ಎಂದರು ಮೇಸ್ತ್ರಿ.

“ಅಂದ್ರೆ ಇದು ಸರಿಯಿಲ್ಲ ಅಂತ ನಿಮಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಎಳೆದಿದ್ದೀರಿ. ಪಕ್ಕದ ಚೌಕ ಖಾಲಿ ಇದೆ. ಯಾರನ್ನೂ ಕೇಳಲಿಲ್ವಾ?”

ಮೇಸ್ತ್ರಿ ಅವನ ಕಡೆ ನೋಡಲಿಲ್ಲ. ಅವರು ನೋಡಿದ್ದರೆ ಏನಾದರೂ ಆಗುತ್ತಿತ್ತೇನೋ. ಅವರು ತಮ್ಮ ಮುಂದಿದ್ದ ನೀರಿನ ಲೋಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು, ಹಾಳೆಗೆ ತಾಗದ ಹಾಗೆ. “ಕೇಳಿದ್ದೆ ಅಂತ ಅನ್ಕೊಂಡಿದ್ದೆ ಮೇಡಂ,” ಎಂದರು. ಆಮೇಲೆ ನಿಧಾನವಾಗಿ, “ಕೇಳಿಲ್ವೇನೋ,” ಎಂದರು.

ಆ ಮಾತಿನ ನಂತರ ಮೇಸ್ತ್ರಿ ಬಿಟ್ಟ ಜಾಗ ಖಾಲಿ ಕುರ್ಚಿಯಂತೆ ಅವನ ಮುಂದೆ ಇತ್ತು. ಅದು ತನಗೆಂದೇ ಬಿಟ್ಟದ್ದು ಎಂದು ಅವನಿಗೆ ಕೂಡಲೇ ಗೊತ್ತಾಯಿತು. ಹತ್ತು ಸೆಕೆಂಡು ಇದ್ದಿರಬಹುದು. ಹತ್ತು ಸೆಕೆಂಡಿಗೆ ಐವತ್ತು ಕೋಟಿ ಮಿಡಿತ. ಅಷ್ಟರಲ್ಲಿ ಒಂದರಲ್ಲಾದರೂ ಬಾಯಿ ತೆರೆಯಬಹುದಿತ್ತು. ನಾಲಿಗೆಯ ಮೇಲೆ ಮಾತು ಸಿದ್ಧವಾಗಿಯೇ ಇತ್ತು, ಬರೀ ನಾಲ್ಕು ಪದ. ಅವನು ಕಿಟಕಿಯಾಚೆ ನೋಡಿದ. ಎದುರಿನ ಕಟ್ಟಡದ ಮೆಟ್ಟಿಲ ಮೇಲೆ ಯಾರೋ ಹುಡುಗಿ ಪುಸ್ತಕ ತೆರೆದು ಕೂತಿದ್ದಳು, ತುಟಿ ಅಲ್ಲಾಡುತ್ತಿತ್ತು. ತಂಗಿಯೂ ಹೀಗೇ, ಕೊನೆಯ ಗಳಿಗೆಯವರೆಗೂ ಮೆಟ್ಟಿಲ ಮೇಲೆ ಕೂತು ಓದಿ, ಗಂಟೆ ಹೊಡೆದ ಮೇಲೆ ಓಡಿ ಒಳಗೆ ಹೋದವಳು. ಅವಳು ಒಳಗೆ ಹೋದ ಎರಡು ನಿಮಿಷಕ್ಕೆ ಫೋನ್ ಬಂತು, ಅಪ್ಪ ಹೋದರು ಎಂದು. ಪರೀಕ್ಷೆ ಮೂರು ಗಂಟೆಯದು. ಒಳಗೆ ಹೋಗಿ ಕರೆಯಬಹುದಿತ್ತು, ಕಾವಲಿನವನು ತಡೆಯುತ್ತಿರಲಿಲ್ಲ. ಅವನು ಕರೆಯಲಿಲ್ಲ. ಅವಳ ಒಂದು ವರ್ಷ ಹಾಳಾಗಬಾರದೆಂದು, ಎಂದು ಆಮೇಲೆ ಎಲ್ಲರಿಗೂ ಹೇಳಿದ. ಎಲ್ಲರೂ ಒಪ್ಪಿದರು, ಅಮ್ಮ ಕೂಡ. ಹೇಳದೆ ಉಳಿದದ್ದು ಇನ್ನೊಂದು. ಆ ಮೂರು ಗಂಟೆ ಅವನು ಗೇಟಿನ ಹೊರಗೆ ಬೆಂಚಿನ ಮೇಲೆ ಕೂತು ಎರಡು ಸಲ ಚಹಾ ಕುಡಿದ. ಅಳು ಬರಲಿಲ್ಲ. ಬಂದದ್ದು ಏನೋ ಒಂದು ಹಿರಿತನ. ಇಡೀ ಬೀದಿಯಲ್ಲಿ ತನಗೊಬ್ಬನಿಗೇ ಗೊತ್ತಿರುವ ಸಂಗತಿಯೊಂದು ಎದೆಯ ಜೇಬಿನಲ್ಲಿ ಭಾರವಾಗಿ ಕೂತಂತೆ. ಅದನ್ನು ಯಾವಾಗ ತೆಗೆಯಬೇಕೆಂಬುದು ತನ್ನ ಕೈಯಲ್ಲಿದೆ ಎಂಬ ಹಿತ. ತಂಗಿ ನಗುತ್ತ ಹೊರಗೆ ಬಂದಳು, ಪ್ರಶ್ನೆಗಳು ಸುಲಭವಾಗಿದ್ದವಂತೆ, ಅಪ್ಪನಿಗೆ ಫೋನ್ ಮಾಡಿ ಹೇಳು ಅಣ್ಣ ಎಂದಳು. ತಿಥಿ ಕಳೆದ ಎಷ್ಟೋ ದಿನದ ಮೇಲೆ ಅವಳು ಪಾತ್ರೆ ಒರೆಸುತ್ತ, ಅವನ ಮುಖ ನೋಡದೆ ಹೇಳಿದಳು: “ಆ ಮೂರು ಗಂಟೆ ಅಪ್ಪ ನಿನಗೊಬ್ಬನಿಗೇ ಸತ್ತಿದ್ರು ಅಣ್ಣ. ನನ್ನ ಪಾಲಿಂದೂ ನೀನೇ ಇಟ್ಕೊಂಡೆ.”

“ನಿಮ್ದೇನಾದ್ರೂ ಇದೆಯಾ?” ಮುಖ್ಯಸ್ಥೆ ಕೇಳುತ್ತಿದ್ದಳು. ಅವನಿಗೆ.

ಇದೆ, ಎಂದ. ಇದನ್ನು ಹೊಸದಾಗಿ ಮಾಡುವ ಅಗತ್ಯವಿಲ್ಲ, ಅಂಚಿನ ಪಿನ್ನಿಗೆ ಕೊಟ್ಟಿರುವ ಎಂಟನೆಯ ಗೆರೆ ಹೇಗೂ ಇದೆ, ಕವಲನ್ನು ಕತ್ತರಿಸಿ, ಆ ಪಿನ್ನಿನಿಂದ ಒಂದು ತೆಳು ತಂತಿ ಎಳೆದು ಎಂಟನೆಯ ಚಿಪ್ಪಿಗೆ ಕೊಟ್ಟರೆ ಹನ್ನೆರಡೂ ಬೋರ್ಡು ಇವತ್ತೇ ಸರಿಹೋಗುತ್ತವೆ ಎಂದ. ಅವನ ಮಾತು ಅವನಿಗೇ ಸ್ಪಷ್ಟವಾಗಿ, ಇನ್ನೊಬ್ಬರದೆಂಬಂತೆ ಕೇಳಿಸಿತು. ಮುಖ್ಯಸ್ಥೆಯ ಮುಖ ಮೊದಲ ಸಲ ಸಡಿಲವಾಯಿತು. ಪರೀಕ್ಷೆಯ ಪಿನ್ನು ಬಿಟ್ಟುಕೊಡೋದು ನಿಮಗೆ ಕಷ್ಟವಾಗಲ್ವಾ ಎಂದು ಕೇಳಿದಳು, ಸೌಜನ್ಯಕ್ಕೆ. ಪರವಾಗಿಲ್ಲ ಎಂದ. ಒಳ್ಳೆಯದು, ಎಂದು ಆಕೆ ಬರೆದುಕೊಂಡಳು. ಮುಂದಿನ ಬೋರ್ಡಿನ ಗೆರೆಗಳನ್ನು ಹೊರಗೆ ಕೊಡೋಣ ಎಂದೂ ಅದೇ ದನಿಯಲ್ಲಿ ಹೇಳಿ ಬರೆದುಕೊಂಡಳು. ಮೇಸ್ತ್ರಿ ತಲೆಯಾಡಿಸಿದರು, ಊಟದ ಹೊತ್ತು ಬದಲಾಯಿತೆಂದು ಯಾರೋ ತಿಳಿಸಿದಾಗ ಆಡಿಸುವ ಹಾಗೆ. ಹೊರಗೆ ಬರುವಾಗ ಬಾಗಿಲ ಹತ್ತಿರ ಅವನಿಗೆ ದಾರಿಬಿಟ್ಟು ನಿಂತರು. ನೀವು ಮೊದಲು ಎಂದು ಅವನು ಕೈ ತೋರಿಸಿದ. ಇಬ್ಬರೂ ಒಟ್ಟಿಗೆ ಹೆಜ್ಜೆ ಇಟ್ಟು, ಭುಜ ತಾಗಿ, ಇಬ್ಬರೂ ಒಟ್ಟಿಗೇ ಹಿಂದೆ ಸರಿದರು.

ತಂತಿ ಎಳೆಯುವ ಕೆಲಸಕ್ಕೆ ಕೈ ನಡುಗದವರು ಬೇಕು. ಅದಕ್ಕೂ ಮೇಸ್ತ್ರಿಯೇ. ಊಟವಾದ ಮೇಲೆ ಇಬ್ಬರೂ ದೊಡ್ಡ ಭೂತಕನ್ನಡಿಯ ದೀಪದ ಕೆಳಗೆ ಅಕ್ಕಪಕ್ಕ ಕೂತರು. ಸಣ್ಣ ಚಾಕುವಿನ ಮೊನೆಯಿಂದ ಮೇಸ್ತ್ರಿ ಕವಲಿನ ತಾಮ್ರವನ್ನು ಕೆರೆದು ಕಿತ್ತರು. ತಾವೇ ಎಳೆದದ್ದು. ಕಿತ್ತ ಚೂರು ಕಣ್ಣಿಗೆ ಕಾಣುವಷ್ಟೂ ಇರಲಿಲ್ಲ. ಅದನ್ನು ಊದಿ ಹಾರಿಸಿದರು. ಕೂದಲಿನಷ್ಟು ತೆಳುವಾದ ತಂತಿಯ ಸುರುಳಿ ತೆಗೆದು, ಎಷ್ಟು ಕತ್ತರಿಸಲಿ ಎಂದು ಕೇಳಿದರು. ಅವನು ಲೆಕ್ಕ ಹಾಕಿ, ಐದು ಸೆಂಟಿಮೀಟರ್ ಎಂದ. ಮೇಸ್ತ್ರಿ ತಂತಿಯನ್ನು ಬೆರಳುಗಳ ನಡುವೆ ಹಿಡಿದುಕೊಂಡರು, ಕತ್ತರಿಸಲಿಲ್ಲ. ಅವನು ತಲೆಯೆತ್ತಿ ನೋಡಿದ.

“ಬೋರ್ಡಿನೊಳಗೆ ಆದ್ರೆ ಐದು ಸರಿ ಸಾರ್. ಇದು ಹೊರಗೆ ಗಾಳಿಲಿ ಇರೋ ತಂತಿ. ಇದ್ರಲ್ಲಿ ಮಿಡಿತ ಬೇಗ ಓಡತ್ತಲ್ವಾ. ಎರಡು ಜಾಸ್ತಿ ಇಡ್ಲಾ?”

ಅವನಿಗೆ ಕಿವಿಯ ತುದಿ ಬಿಸಿಯಾಯಿತು. ಮೊದಲ ವರ್ಷದ ಹುಡುಗರಿಗೆ ಹೇಳಿಕೊಡುವ ಪಾಠ. ಇಡಿ ಎಂದ. ಮೇಸ್ತ್ರಿ ಏಳಕ್ಕೆ ಕತ್ತರಿಸಿ, ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನ ಕಾದ ತುದಿಯನ್ನು ಒದ್ದೆ ಸ್ಪಂಜಿಗೆ ಮುಟ್ಟಿಸಿದರು. ಸುಯ್ ಎಂದಿತು. ಸ್ವಲ್ಪ ಹೊಗೆ ಎದ್ದು ದೀಪದ ಬೆಳಕಿನಲ್ಲಿ ನಿಂತಿತು. ಮೊದಲ ಬೋರ್ಡು ಮುಗಿದಾಗ ಅವನು ಸ್ಕೋಪಿಗೆ ಹಾಕಿ ನೋಡಿದ. ಎಂಟೂ ಚಿಪ್ಪುಗಳಲ್ಲಿ ಒಂದೇ ಕ್ಷಣಕ್ಕೆ ಮಿಡಿತ ಏರುತ್ತಿತ್ತು, ಏಳನೆಯದರಲ್ಲಿ ಮೊದಲು ಕಾಣುತ್ತಿದ್ದ ಎಡವು ಇರಲಿಲ್ಲ. ಸರಿಯಾಗಿದೆ ಮೇಸ್ತ್ರಿ ಎಂದ. ಹೂಂ, ಎಂದರು ಅವರು, ಎರಡನೆಯ ಬೋರ್ಡನ್ನು ಎಳೆದುಕೊಳ್ಳುತ್ತ.

ಬೋರ್ಡುಗಳು ಒಂದೊಂದಾಗಿ ಎಡಗಡೆಯಿಂದ ಬಲಗಡೆಗೆ ಹೋದವು. ಪ್ರತಿ ಬೋರ್ಡಿಗೂ ಅವನು ಈಗ ಹೇಳುತ್ತೇನೆ ಎಂದುಕೊಂಡ. ಐದು ಮುಗಿಯಲಿ, ಎಂಟು ಮುಗಿಯಲಿ. ಹೇಳಬೇಕಾದದ್ದು ಮೇಸ್ತ್ರಿಗಲ್ಲವೆಂದೂ, ಅವರಿಗೆ ಅದು ತನಗಿಂತ ಚೆನ್ನಾಗಿ ಗೊತ್ತಿದೆಯೆಂದೂ ಹೊಳೆಯಿತು. ಹೇಳಬೇಕಾದದ್ದು ಎರಡು ಬಾಗಿಲು ಆಚೆ, ಮುಖ್ಯಸ್ಥೆಯ ಕೋಣೆಯಲ್ಲಿ. ಆ ಬಾಗಿಲು ಅರ್ಧ ತೆರೆದೇ ಇತ್ತು. ಮೇಸ್ತ್ರಿ ನಡುವೆ ಒಮ್ಮೆ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಉಗ್ರಾಣದಲ್ಲಿ ಬೆಳಕು ಕಡಿಮೆ, ಕಣ್ಣಿಗೆ ಒಳ್ಳೆಯದೇ ಆಯಿತು ಎಂದು ನಗಾಡಿದರು. ಅವನೂ ನಕ್ಕ, ಹೆಚ್ಚು ಹೊತ್ತು ನಕ್ಕ.

ಹನ್ನೆರಡನೆಯ ಬೋರ್ಡಿನ ಮೇಲೆ ಬಾಗಿಕೊಂಡೇ ಮೇಸ್ತ್ರಿ ಕೇಳಿದರು, ತಂತಿಯಿಂದ ಕಣ್ಣು ತೆಗೆಯದೆ.

“ಅವತ್ತು ಪೆನ್ನು ಇತ್ತಲ್ವಾ ಸಾರ್?”

“ಜ್ಞಾಪಕ ಇಲ್ಲ ಮೇಸ್ತ್ರಿ.”

“ಇತ್ತು. ಬೆರಳ ಸಂದಿಲಿ ಕ್ಲಿಪ್ಪು ಕಾಣ್ತಿತ್ತು.” ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಅಳತೆಯನ್ನು ಓದಿ ಹೇಳಿದಂತಿತ್ತು. ಆಮೇಲೆ, “ದೀಪ ಸ್ವಲ್ಪ ಈ ಕಡೆ ತಿರುಗ್ಸಿ, ನೆರಳು ಬೀಳ್ತಿದೆ,” ಎಂದರು.

ಅವನು ದೀಪವನ್ನು ತಿರುಗಿಸಿದ. ಹಿಡಿದುಕೊಂಡೇ ನಿಂತ. ಅಂಗೈಯ ಕೆಳಗೆ ಅಂದು ಸಿಕ್ಕಿದ್ದ ಗಟ್ಟಿ ಈಗ ಸಂದೇಹವಿಲ್ಲದೆ ನೆನಪಿಗೆ ಬಂತು. ಅದೇ ದಿನ, ಅದೇ ಮೆಟ್ಟಿಲನ್ನು ಹತ್ತಿ ಮೇಲೆ ಹೋದವನು, ಕೊರಿಯರ್‌ನವನ ಪುಸ್ತಕದಲ್ಲಿ ಅದೇ ಪೆನ್ನಿನಿಂದ ಸಹಿ ಮಾಡಿದ್ದ. ಬೆಸುಗೆ ಹೊಳೆದು, ಮಂಕಾಗಿ, ಗಟ್ಟಿಯಾಯಿತು. ಮೇಸ್ತ್ರಿ ಉಸಿರು ಬಿಟ್ಟು ಹಿಂದಕ್ಕೆ ಒರಗಿದರು. ಕಿವಿಯ ಮೇಲಿನ ಕೆಂಪು ಪೆನ್ಸಿಲನ್ನು ತೆಗೆದು, ಒಂದು ಸಲ ನೋಡಿ, ದೀಪದ ಬುಡದಲ್ಲಿ ಇಟ್ಟರು. ಚಾಕು, ಚಿಮಟ, ತಂತಿಯ ಸುರುಳಿ, ಎಲ್ಲವನ್ನೂ ಒರೆಸಿ ಡಬ್ಬಿಗೆ ಹಾಕಿಕೊಂಡರು. ಪೆನ್ಸಿಲನ್ನು ಹಾಕಿಕೊಳ್ಳಲಿಲ್ಲ. ಬರ್ತೀನಿ ಸಾರ್ ಎಂದು ಹೊರಟರು. ಬೆಳಿಗ್ಗೆ ಬಾಗಿಲಲ್ಲಿ ಆದ ಹಾಗಲ್ಲ, ಈ ಸಲ ಯಾರಿಗೂ ಯಾರೂ ಅಡ್ಡ ಬರಲಿಲ್ಲ.

ಅವನು ಕೊನೆಯ ಬೋರ್ಡನ್ನು ಸ್ಕೋಪಿಗೆ ಹಾಕಿದ. ಅಭ್ಯಾಸಬಲದಿಂದ ಮುಳ್ಳು ಅಂಚಿನ ಪಿನ್ನಿನ ಕಡೆ ಹೋಯಿತು. ಅಲ್ಲಿ ಈಗ ತಂತಿಯ ತುದಿಯ ಮೇಲೆ ಬೆಸುಗೆಯ ಪುಟ್ಟ ಹನಿಯೊಂದಿತ್ತು. ಮುಟ್ಟಿದರೆ ಮುಳ್ಳಿನ ಭಾರಕ್ಕೆ ಎಂಟನೆಯ ಚಿಪ್ಪಿನ ಮಿಡಿತ ಉಳಿದವುಗಳಿಗಿಂತ ಹಿಂದೆ ಬೀಳುತ್ತದೆ. ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಕಾರಿಡಾರಿನಲ್ಲಿ ಸಾಲಾಗಿ ದೀಪಗಳು ಹತ್ತಿದವು, ಮೊದಲು ಹತ್ತಿರದ್ದು, ಆಮೇಲೆ ದೂರದ್ದು. ಮುಖ್ಯಸ್ಥೆ ಚೀಲವನ್ನು ಭುಜಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಆಯಿತಾ ಎಂದು ಕೇಳಿದಳು. ಅವನು ಎದ್ದು ನಿಂತ. ದೀಪದ ಬುಡದಲ್ಲಿ ಕೆಂಪು ಪೆನ್ಸಿಲ್ ಇತ್ತು, ಜೇಬಿನಲ್ಲಿ ಪೆನ್ನು ಇತ್ತು, ಮೇಜಿನ ಮೇಲೆ ಮಡಿಸಿದ ಹಾಳೆಯೂ ಇತ್ತು. ಆಕೆ ಅವಸರದಲ್ಲಿರಲಿಲ್ಲ, ಅವನು ಇನ್ನೇನೋ ಹೇಳಲಿದ್ದಾನೆಂದು ಆಕೆಗೂ ಅನ್ನಿಸಿರಬೇಕು, ಬಾಗಿಲ ಚೌಕಟ್ಟಿಗೆ ಕೈಯಿಟ್ಟು ಕಾದಳು.

“ಎಲ್ಲಾ ಒಟ್ಟಿಗೆ ಬರ್ತಿದೆ ಮೇಡಂ,” ಎಂದ.

ಆಕೆ ಹೋದಳು. ಅವನು ಸ್ಕೋಪನ್ನು ಆರಿಸಿದ, ದೀಪವನ್ನು ಆರಿಸಿದ. ತಂಗಿಗೆ ಫೋನ್ ಮಾಡಬೇಕಿತ್ತು. ಬಸ್ ನಿಲ್ದಾಣದಲ್ಲಿ ಮಾಡಿದರಾಯಿತು ಎಂದುಕೊಂಡ. ಕವಲು ಒಡೆಯಲು ಹೇಳಿದ್ದು ತಾನೆಂದು ಅವನು ಅಂದು ಹೇಳಲಿಲ್ಲ, ಆಮೇಲೂ ಯಾರಿಗೂ ಹೇಳಲಿಲ್ಲ.